ಇಟಲಿಯಿಂದ ಕೈರೋವರೆಗೆ ಹೋದ ಒಂದು ಕೈಬರಹ

ಮಧ್ಯಯುಗದ ಯುರೋಪಲ್ಲಿ ಮತಾಂತರ ಅಂದ್ರೆ ಯಹೂದಿಗಳಿಗೆ ಬಲವಂತದ ಜ್ಞಾನಸ್ನಾನ ಮಾಡ್ಸಿದ್ದೇ ನೆನಪಾಗೋದು, 1096ರಲ್ಲಿ ಕ್ರುಸೇಡ್‌ಗೆ (ಜೆರುಸಲೇಮ್ ಗೆಲ್ಲೋಕೆ ಕ್ರೈಸ್ತರು ಮಾಡಿದ ಧರ್ಮಯುದ್ಧ) ಹೊರಟ ಗುಂಪುಗಳು ರೈನ್ ನದಿ ದಂಡೆ ಊರುಗಳಲ್ಲಿ ಮಾಡಿದ್ದೂ ಅದನ್ನೇ, ಒಪ್ಪದವರನ್ನ ಕೊಂದ್ರು. ಆದ್ರೆ ಅದೇ ಕಾಲದಲ್ಲಿ ಉಲ್ಟಾ ಹೋದವನೂ ಒಬ್ಬ ಇದ್ದ.

ಹೆಸರು ಯೋಹಾನೆಸ್. ದಕ್ಷಿಣ ಇಟಲಿಯ ಒಪ್ಪಿಡೋ ಊರಿನ ನಾರ್ಮನ್ (ಉತ್ತರ ಫ್ರಾನ್ಸಿಂದ ಬಂದು ನೆಲೆಸಿದ್ದವರು) ಜಮೀನ್ದಾರರ ಮನೆ ಹುಡುಗ, ಅವಳಿಯಲ್ಲಿ ಅಣ್ಣ ರೋಜರ್ ಕತ್ತಿ ಹಿಡಿದ, ಇವನು ಪುಸ್ತಕ ಹಿಡಿದ. ಪಕ್ಕದ ಬಾರಿ ನಗರದ ಆರ್ಚ್‌ಬಿಷಪ್ ಆಂಡ್ರಿಯಾಸೇ ಯಹೂದಿ ಆಗಿ ಊರು ಬಿಟ್ಟಿದ್ದ ಸುದ್ದಿ ಇವನ ಕಿವಿಗೂ ಬಿದ್ದಿತ್ತು (ಆರ್ಚ್‌ಬಿಷಪ್ಪೇ ಹಿಂಗೆ ಮಾಡಿದ್ರೆ ಚರ್ಚ್‌ಗೆ ಎಷ್ಟು ಉರಿದಿರ್ಬೇಕು!). 1102ರಲ್ಲಿ ಇವನೂ ಯಹೂದಿ ಆಗಿ ಓಬದ್ಯ ಅನ್ನೋ ಹೆಸರಿಟ್ಕೊಂಡ. ಕ್ರೈಸ್ತರ ರಾಜ್ಯದಲ್ಲಿ ಇದಕ್ಕೆ ತಲೆ ಹೋಗೋ ಶಿಕ್ಷೆನೂ ಆಗ್ಬಹುದಿತ್ತು, ಅದಕ್ಕೇ ಮುಸ್ಲಿಂ ನಾಡುಗಳ ಕಡೆ ಬಂದ, ಅಲೆಪ್ಪೋ, ಬಾಗ್ದಾದ್, ಡಮಾಸ್ಕಸ್ ಎಲ್ಲ ಸುತ್ತಿ ಕೊನೆಗೆ ಈಜಿಪ್ಟಿನ ಫುಸ್ತಾತ್, ಅಂದ್ರೆ ಹಳೇ ಕೈರೋ, ಸೇರ್ಕೊಂಡ. ಬಾಗ್ದಾದಲ್ಲಿ ಇಷ್ಟು ದೊಡ್ಡ ಗಂಡಸು ಅನಾಥ ಹುಡುಗರ ಜೊತೆ ಕೂತು ಹೀಬ್ರೂ ಕಲಿತ. ಅಲ್ಲೂ ಯಹೂದಿಗಳಿಗೆ ಸುಖ ಇರ್ಲಿಲ್ಲ, ಕುತ್ತಿಗೆಗೆ ಸೀಸದ ಬಿಲ್ಲೆ ಕಟ್ಕೋಬೇಕು ಅನ್ನೋ ಹುಕುಂ ಇತ್ತು ಅಂತ ಅವನೇ ಬರೆದಿಟ್ಟಿದ್ದಾನೆ.

ಇದೆಲ್ಲ ಗೊತ್ತಾಗಿದ್ದು ಹೆಂಗೆ ಅಂದ್ರೆ, ದೇವರ ಹೆಸರಿರೋ ಕಾಗದ ಬಿಸಾಕಬಾರದು ಅಂತ ಫುಸ್ತಾತ್‌ನ ಸಿನಗಾಗ್‌ನಲ್ಲಿ (ಯಹೂದಿಗಳ ಪ್ರಾರ್ಥನಾ ಮಂದಿರ) ಶತಮಾನಗಟ್ಲೆ ಹಳೇ ಹಾಳೆ ಒಂದು ಕೋಣೆಗೆ ತುಂಬ್ತಾ ಇದ್ರು, ಅದೇ ಜೆನೀಜಾ. 19ನೇ ಶತಮಾನದ ಕೊನೆಗೆ ಆ ಹಾಳೆಗಳು ಕೇಂಬ್ರಿಡ್ಜ್, ಬುಡಾಪೆಸ್ಟ್, ನ್ಯೂಯಾರ್ಕ್ ಅಂತ ಚೆದುರಿ ಹೋದ್ವು, ಓಬದ್ಯನ ಆತ್ಮಕಥೆನೂ ತುಂಡು ತುಂಡಾಗಿ ಬೇರೆ ಬೇರೆ ಕಡೆ ಸಿಕ್ತು. ನ್ಯೂಯಾರ್ಕಲ್ಲಿದ್ದ ಒಂದು ಹಾಳೆಯಲ್ಲಿ ಯಹೂದಿಗಳ ಪ್ರವಾದಿ ಮೋಶೆ ಬಗ್ಗೆ ಹೀಬ್ರೂ ಹಾಡು, ಮೇಲೆ ಸ್ವರ ಚಿಹ್ನೆಗಳು. ಯಾರು ಬರೆದಿದ್ದು ಅಂತ ದಶಕಗಟ್ಲೆ ಗೊತ್ತಿರ್ಲಿಲ್ಲ. 1960ರ ದಶಕದಲ್ಲಿ ನಾರ್ಮನ್ ಗೋಲ್ಬ್ ಮತ್ತು ಅಲೆಕ್ಸಾಂಡರ್ ಶೈಬರ್ ಅನ್ನೋ ವಿದ್ವಾಂಸರು ಅಕ್ಷರದ ಓರೆಕೋರೆ ಹೋಲಿಸಿ ನೋಡಿದ್ರೆ ಆತ್ಮಕಥೆ ಬರೆದ ಕೈಯೇ ಇದು!

ಆ ಚಿಹ್ನೆಗಳು ದಕ್ಷಿಣ ಇಟಲಿಯ ಚರ್ಚ್‌ಗಳಲ್ಲಿ ಬಳಕೆಯಲ್ಲಿದ್ದ ಬೆನೆವೆಂಟೊ ಶೈಲಿಯವು, ಹೀಬ್ರೂಗೆ ಹೊಂದಲಿ ಅಂತ ಬಲದಿಂದ ಎಡಕ್ಕೆ ಬರೆದಿದ್ದಾನೆ. ಸ್ವರ ಹಾಕಿದ ಹೀಬ್ರೂ ಸಂಗೀತದಲ್ಲಿ ನಮಗೆ ಸಿಕ್ಕಿರೋ ಅತಿ ಹಳೇದು ಇವನದ್ದೇ. ರಾಗ ಸಿನಗಾಗ್‌ದಾ ಚರ್ಚ್‌ದಾ ಅಂತ ವಿದ್ವಾಂಸರು ಜಗಳ ಆಡ್ತಾರೆ, ನನಗಂತೂ ಚಿಕ್ಕಂದಿನಲ್ಲಿ ಚರ್ಚಲ್ಲಿ ಕಲಿತಿದ್ದು ಪೂರ್ತಿ ಬಿಟ್ಟು ಹೋಗಿರುತ್ತೆ ಅಂತ ಅನ್ಸಲ್ಲ.