ಎಕ್ಸ್‌ರೇ ಸರಿಯಿದೆ, ಸೊಂಟದ ಕೀಲು ನೋಯುತ್ತಿದೆ: ಎಂ.ಆರ್.ಐ. ಮಾಡಿಸಿಬಿಡಲೇ?

ಪ್ರಶ್ನೆ: ಸರ್, ನನಗೆ 44 ವರ್ಷ. ಹೊಳಲ್ಕೆರೆ ಕಡೆಯವನು, ಅಡಿಕೆ ತೋಟವಿದೆ. ಕೆಲವು ತಿಂಗಳಿಂದ ಬಲಗಡೆ ಸೊಂಟದ ಕೀಲಿನ ಹತ್ತಿರ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರು. ಮಾತ್ರೆ ನುಂಗಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಡಾಕ್ಟರು ಎಂ.ಆರ್.ಐ. ಬರೆದುಕೊಡಲಿಲ್ಲ. ದಾವಣಗೆರೆಗೆ ಬಂದು ನಾವೇ ಒಂದು ಎಂ.ಆರ್.ಐ. ಮಾಡಿಸಿಬಿಟ್ಟರೆ ಕಾರಣ ಗೊತ್ತಾಗಿಬಿಡುತ್ತದೆ ಅಲ್ಲವೇ?

ಉತ್ತರ: ಬರೆಯುವವರ ಊರು ಮತ್ತು ವಯಸ್ಸು ಬದಲಾಗುತ್ತವೆ, ಈ ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ. ಗೊತ್ತಾಗಲೂಬಹುದು, ಗೊತ್ತಾಗದೆಯೂ ಹೋಗಬಹುದು. ಯಾವುದು ಆಗುತ್ತದೆ ಎಂಬುದು ಸ್ಕ್ಯಾನ್‌ಗೆ ಮೊದಲು ನಿಮ್ಮನ್ನು ಯಾರಾದರೂ ಮಂಚದ ಮೇಲೆ ಮಲಗಿಸಿ, ಕಾಲು ಮಡಿಸಿ, ತಿರುಗಿಸಿ ನೋಡಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಮೊದಲು ಸಣ್ಣ ಸಂಶಯಗಳನ್ನು ಮುಗಿಸಿಬಿಡೋಣ. ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್‌ರೇ ಅಥವಾ ಸಿ.ಟಿ.ಯಲ್ಲಿರುವಂಥ ವಿಕಿರಣವಿಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ದೇಹದ ನೀರು ಹಾಗೂ ಕೊಬ್ಬಿನಲ್ಲಿರುವ ಜಲಜನಕದ ಕಣಗಳನ್ನು ಕದಲಿಸಿ, ಅವು ಮತ್ತೆ ಸ್ವಸ್ಥಾನಕ್ಕೆ ಬರುವಾಗ ಕೊಡುವ ಸಂಕೇತದಿಂದ ಚಿತ್ರ ಕಟ್ಟುತ್ತಾರೆ. ಸಾಮಾನ್ಯವಾಗಿ ಇರುವ 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರ ಸೊಂಟದ ಕೀಲಿಗೆ ಸಾಕು. ಅರ್ಧ ಗಂಟೆಯ ಆಸುಪಾಸು ಅಲ್ಲಾಡದೆ ಮಲಗಬೇಕು, ಸದ್ದು ಜೋರಾಗಿರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಲೇತ್ ಅಥವಾ ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಲೋಹದ ಚೂರು ಹೊಕ್ಕವರು ಮೊದಲೇ ಹೇಳಬೇಕು. ಹೆಂಗಸರು ತಾಳಿ ಬಿಚ್ಚಲು ಹಿಂಜರಿಯುತ್ತಾರೆ, ಅದು ಅರ್ಥವಾಗುವ ಸಂಗತಿ. ಆದರೆ ತಾಳಿಯ ಚಿನ್ನಕ್ಕಿಂತ ಹೆಚ್ಚು ಅಪಾಯಕಾರಿಯಾದದ್ದು ಅದೇ ಸರಕ್ಕೆ ಸಿಕ್ಕಿಸಿಕೊಂಡಿರುವ ಉಕ್ಕಿನ ಪಿನ್ನು. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ಪಿನ್ನನ್ನು ಎಳೆಯುತ್ತದೆ. ಸೀರೆಯ ನೆರಿಗೆಯಲ್ಲಿ, ಬಳೆಯ ಸಂದಿಯಲ್ಲಿ ಮರೆತ ಪಿನ್ನುಗಳಿಗೂ ಈ ಮಾತು ಸಲ್ಲುತ್ತದೆ. ಕೊನೆಗೆ ಎಲ್ಲವನ್ನೂ ತೆಗೆದಿಟ್ಟೇ ಒಳಗೆ ಹೋಗಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. "ಎಂ.ಆರ್.ಐ.ಯಲ್ಲಿ ಎಲ್ಲವೂ ಕಾಣುತ್ತದೆ, ಕಂಡದ್ದೇ ನೋವಿನ ಕಾರಣ" ಎಂಬ ನಂಬಿಕೆ ನಮ್ಮ ಜಿಲ್ಲೆಗಳಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಸ್ಕ್ಯಾನ್ ಬರೆಯದ ವೈದ್ಯನಿಗೆ ಕೆಲಸ ಗೊತ್ತಿಲ್ಲ ಎಂದೇ ತೀರ್ಮಾನವಾಗುತ್ತದೆ. ಈ ವಾಕ್ಯದ ಮೊದಲ ಅರ್ಧ ಹೆಚ್ಚುಕಡಿಮೆ ನಿಜ, ತೊಂದರೆಯಿರುವುದು ಎರಡನೆಯ ಅರ್ಧದಲ್ಲಿ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಕೂರುವ ಗುಳಿಯ ಅಂಚಿಗೆ ಲೇಬ್ರಮ್ ಎಂಬ ಮೆದು ಮೂಳೆಯಂಥ ಬಳೆಯಿರುತ್ತದೆ. ಅದು ಹರಿದಿದೆ ಎಂದು ವರದಿಯಲ್ಲಿ ಬಂದರೆ ರೋಗಿಯ ಮನೆಯವರು ಆಪರೇಷನ್ ಎಂದೇ ತಿಳಿದು ಹಣ ಹೊಂದಿಸತೊಡಗುತ್ತಾರೆ. 2012ರಲ್ಲಿ ಅಮೆರಿಕದ ಸಂಶೋಧಕರು ಸೊಂಟದ ನೋವೇ ಇಲ್ಲದ 45 ಸ್ವಯಂಸೇವಕರಿಗೆ ಎಂ.ಆರ್.ಐ. ಮಾಡಿ ನೋಡಿದಾಗ, ಶೇಕಡ 69ರಷ್ಟು ಕೀಲುಗಳಲ್ಲಿ ಲೇಬ್ರಮ್ ಹರಿದದ್ದು ಕಂಡಿತು. ಅವರ ಸರಾಸರಿ ವಯಸ್ಸು 38ರ ಆಸುಪಾಸು; ಮುದುಕರೂ ಅಲ್ಲ, ರೋಗಿಗಳೂ ಅಲ್ಲ.

ಬೆನ್ನಿನ ಕಥೆಯೂ ಇದೇ. ಬೆನ್ನುನೋವಿಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಡಿಸ್ಕ್, ಅಂದರೆ ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಯ ಸವೆತವು 20ರ ವಯಸ್ಸಿನವರಲ್ಲಿ ಶೇಕಡ 37ರಷ್ಟು ಮಂದಿಗೆ, 80ರ ವಯಸ್ಸಿನವರಲ್ಲಿ ಶೇಕಡ 96ರಷ್ಟು ಮಂದಿಗೆ ಕಾಣುತ್ತದೆ. ಆದ್ದರಿಂದ 44 ವರ್ಷದ ಯಾರನ್ನೇ ಯಂತ್ರದೊಳಗೆ ಮಲಗಿಸಿದರೂ ಬರೆಯಲು ಏನಾದರೂ ಸಿಕ್ಕೇ ಸಿಗುತ್ತದೆ. ಬರೆಯುವುದು ರೇಡಿಯಾಲಜಿ ವೈದ್ಯರ ಕರ್ತವ್ಯ, ಅವರದು ತಪ್ಪಲ್ಲ. ಆದರೆ ವರದಿಯಲ್ಲಿ ಕಂಡದ್ದನ್ನೆಲ್ಲ ನೋವಿನ ತಲೆಗೆ ಕಟ್ಟುವುದು, ತಲೆನೋವೆಂದು ಬಂದವನ ನರೆಗೂದಲು ನೋಡಿ ನೋವಿಗೆ ಅದೇ ಕಾರಣ ಎಂದಂತಾಗುತ್ತದೆ. ವಾಟ್ಸಾಪ್‌ನಲ್ಲಿ ವರದಿಯ ಕೊನೆಯ "ಇಂಪ್ರೆಷನ್" ಎಂಬ ನಾಲ್ಕು ಸಾಲಿನ ಫೋಟೋ ಕಳುಹಿಸಿ ಔಷಧಿ ಕೇಳುವವರಿಗೆ ನಾನು ಉತ್ತರಿಸದಿರುವುದು ಇದೇ ಕಾರಣಕ್ಕೆ. ಇದನ್ನು ಅಹಂಕಾರವೆಂದು ಭಾವಿಸಿದವರೂ ಇದ್ದಾರೆ, ಇರಲಿ.

ಈ ನಂಬಿಕೆಯಿಂದಾಗುವ ಇನ್ನೊಂದು ಅನಾಹುತವೆಂದರೆ ತಪ್ಪು ಜಾಗದ ಸ್ಕ್ಯಾನ್. ನಮ್ಮಲ್ಲಿ ಕೆಳಬೆನ್ನಿಗೂ ಸೊಂಟವೆನ್ನುವುದರಿಂದ, ಸೊಂಟ ನೋವೆಂದು ತಾವೇ ಹೋಗಿ ಹೇಳಿದವರಿಗೆ ಕೆಳಬೆನ್ನಿನ ಎಂ.ಆರ್.ಐ. ಆಗಿಬಿಡುತ್ತದೆ, ನೋವಿರುವ ಕೀಲು ಆ ಚಿತ್ರದಲ್ಲಿ ಬಂದೇ ಇರುವುದಿಲ್ಲ, ಆದರೂ ಒಂದು ಡಿಸ್ಕ್ ಉಬ್ಬಿದ್ದು ಸಿಕ್ಕಿ ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಾರೆ. ಇದನ್ನು ತಪ್ಪಿಸಲು ದುಬಾರಿ ಯಂತ್ರವೇನೂ ಬೇಕಿಲ್ಲ. ಎಲ್ಲಿ ನೋವು ಎಂದು ಕೇಳಿದಾಗ ರೋಗಿಯು ಹೆಬ್ಬೆರಳನ್ನು ಹಿಂದಕ್ಕೂ ಉಳಿದ ಬೆರಳುಗಳನ್ನು ಮುಂದೆ ತೊಡೆಸಂದಿನ ಕಡೆಗೂ ಇಟ್ಟು ಪಕ್ಕವನ್ನು ಬಾಚಿ ಹಿಡಿದು ತೋರಿಸಿದರೆ, ಚಕ್ಕಳಮಕ್ಕಳ ಹಾಕಿ ಕೂರಲು ಮತ್ತು ಕಾಲಿನ ಉಗುರು ಕತ್ತರಿಸಲು ಆಗುತ್ತಿಲ್ಲ ಎಂದರೆ, ಮೊಣಕಾಲು ಮಡಿಸಿ ಪಾದವನ್ನು ಹೊರಗೆ ತಿರುಗಿಸಿದಾಗ ಮುಖ ಕಿವುಚಿದರೆ, ತೊಂದರೆ ಕೀಲಿನದೇ ಎಂಬ ಅನುಮಾನ ಬಲವಾಗುತ್ತದೆ. ಪಕ್ಕದ ಮೂಳೆಯ ಉಬ್ಬಿನ ಮೇಲೆ ಒತ್ತಿದರೆ ನೋವು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದು ಎಂದಾದರೆ ಅದು ಬಹುಮಟ್ಟಿಗೆ ಅಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳ ತೊಂದರೆ. ವ್ಯಾಯಾಮದಿಂದಲೇ ಹೆಚ್ಚಿನವರಿಗೆ ಗುಣವಾಗುತ್ತದೆ. ಪಿರ್ರೆಯಿಂದ ಹೊರಟು ಮೊಣಕಾಲು ದಾಟಿ ಕೆಳಗಿಳಿಯುವ ಜೋಮು ಹಿಡಿದ ನೋವಾದರೆ ಬೆನ್ನನ್ನು ನೋಡಬೇಕು. ಎಕ್ಸ್‌ರೇಯನ್ನೂ ಒಮ್ಮೆ ವಿಚಾರಿಸಿ: ಎರಡೂ ಕೀಲುಗಳು ಕಾಣುವ ಪೆಲ್ವಿಸ್ (ಸೊಂಟದ ಮೂಳೆಗೂಡು) ಫಿಲ್ಮ್ ಮತ್ತು ತೊಡೆ ಹೊರಳಿಸಿ ತೆಗೆದ ಪಕ್ಕದ ಫಿಲ್ಮ್ ಎರಡೂ ಇಲ್ಲದಿದ್ದರೆ "ನಾರ್ಮಲ್" ಎಂಬ ಮಾತಿಗೆ ತೂಕವಿಲ್ಲ.

ಹಾಗೆಂದು ಎಂ.ಆರ್.ಐ. ಬೇಡ ಎಂದು ನಾನು ಹೇಳಿದೆನೆಂದು ಊರಲ್ಲಿ ಸಾರಬೇಡಿ. ಪ್ರಶ್ನೆ ಕೇಳಿದವರ ವಯಸ್ಸಿನಲ್ಲಿ, ಅದೂ ಗಂಡಸರಲ್ಲಿ, ನಾವು ತಪ್ಪಿಸಿಕೊಳ್ಳಬಾರದ ಒಂದು ಕಾಯಿಲೆಯಿದೆ: ಎ.ವಿ.ಎನ್. ಎಂದು ಕರೆಯುವ, ರಕ್ತ ಸಂಚಾರ ನಿಂತು ತೊಡೆಮೂಳೆಯ ತಲೆಭಾಗ ಒಳಗೊಳಗೇ ಸಾಯುವ ಸ್ಥಿತಿ. ಅತಿಯಾದ ಮದ್ಯ ಮತ್ತು ಸ್ಟೀರಾಯ್ಡ್ ಇದರ ದೊಡ್ಡ ಕಾರಣಗಳು. 2021ರ ಕೋವಿಡ್ ಅಲೆಯಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿ ಇದು ಕಂಡುಬಂದದ್ದನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಸಂಧಿವಾತಕ್ಕೆಂದು ಹೆಸರು ಚೀಟಿಯಿಲ್ಲದ ಪುಡಿ ತಿಂದವರು ಅದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಎ.ವಿ.ಎನ್. ಆರಂಭದಲ್ಲಿ ಎಕ್ಸ್‌ರೇಗೆ ಕಾಣುವುದೇ ಇಲ್ಲ, ಎಂ.ಆರ್.ಐ.ಗೆ ಕಾಣುತ್ತದೆ. ಒಂದು ಕಡೆ ಇದ್ದವರಲ್ಲಿ ಇನ್ನೊಂದು ಕಡೆಯೂ ಇರುವುದು ಸಾಮಾನ್ಯವಾದ್ದರಿಂದ ಎರಡೂ ಕೀಲುಗಳ ಸ್ಕ್ಯಾನ್ ಆಗಬೇಕು. ಮೂಳೆಯ ತಲೆ ಕುಸಿಯುವ ಮೊದಲೇ ಸಿಕ್ಕರೆ ರಂಧ್ರ ಕೊರೆದು ಒತ್ತಡ ಇಳಿಸುವ ಶಸ್ತ್ರಚಿಕಿತ್ಸೆಯಿಂದ ಕೀಲು ಉಳಿಸಿಕೊಳ್ಳುವ ಅವಕಾಶವಿರುತ್ತದೆ, ಕುಸಿದ ಮೇಲೆ ಕೀಲು ಬದಲಾವಣೆಯವರೆಗೂ ಹೋಗುತ್ತದೆ. ಹಾಗೆಯೇ ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಗೆ ಎಕ್ಸ್‌ರೇಯಲ್ಲಿ ಮುರಿತ ಕಾಣದಿದ್ದರೂ ಕಾಲೂರಲು ಆಗದಿದ್ದರೆ ಎಂ.ಆರ್.ಐ. ತಡಮಾಡಬಾರದು. ಜ್ವರ, ತೂಕ ಇಳಿತ ಅಥವಾ ಕ್ಷಯದ ಇತಿಹಾಸದೊಡನೆ ಬಂದ ನೋವಿಗೂ ಕಾಯುವಂತಿಲ್ಲ. ಬೆಳಿಗ್ಗೆ ಬಹಳ ಹೊತ್ತು ಸೆಟೆದುಕೊಂಡು, ಓಡಾಡಿದಂತೆ ಸಡಿಲವಾಗುವ ಇಪ್ಪತ್ತೈದರ ಹುಡುಗನಿಗಾದರೆ ಸ್ಕ್ಯಾನ್ ಆಗಬೇಕಾದದ್ದು ಬೆನ್ನಿನ ಬುಡದ ಸ್ಯಾಕ್ರೋಇಲಿಯಾಕ್ ಕೀಲುಗಳಿಗೆ.

ಯಾರೂ ಕೇಳದ, ಆದರೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರು ಕೇಳಬೇಕಾಗಿದ್ದ ಪ್ರಶ್ನೆಯೊಂದಿದೆ: "ನಾನು ಕುಡಿಯುವ ನೀರಿಗೂ ಈ ನೋವಿಗೂ ಸಂಬಂಧವಿದೆಯೇ?" ಈ ಭಾಗದ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯಿದ್ದು, ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೂಳೆ ಗಟ್ಟಿಯಾಗಿ, ಮೂಳೆಗಳನ್ನು ಬಿಗಿದಿಡುವ ಅಸ್ಥಿಬಂಧಗಳಿಗೆ ಸುಣ್ಣ ಕಟ್ಟಿ, ಬೆನ್ನು ಮತ್ತು ಸೊಂಟ ಒಟ್ಟಿಗೆ ಬಿಗಿಯುತ್ತವೆ. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲಿನ ಕಂದು ಪಟ್ಟೆಗಳೇ ಮೊದಲ ಸುಳಿವು. ಇದನ್ನು ಪತ್ತೆ ಮಾಡಲು ಎಂ.ಆರ್.ಐ. ಬೇಕಿಲ್ಲ. ಪೆಲ್ವಿಸ್‌ನ ಎಕ್ಸ್‌ರೇ ಜೊತೆಗೆ ಮುಂಗೈಯದೊಂದು ಎಕ್ಸ್‌ರೇ ತೆಗೆಸಿದರೆ, ಅಲ್ಲಿನ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಕಟ್ಟಿದ ಸುಣ್ಣ ಕಾಣಿಸುತ್ತದೆ. ನೋಯುವುದು ಸೊಂಟ, ಕೈಯ ಫಿಲ್ಮ್ ಯಾಕೆ ಎಂದು ಜಗಳವಾಡಬೇಡಿ. ನಡೆಯುವಾಗ ಕಾಲು ಸೋಲತೊಡಗಿದರೆ ಮಾತ್ರ ಬೆನ್ನುಹುರಿ ಒತ್ತಿಹೋಗಿದೆಯೇ ಎಂದು ನೋಡಲು ಬೆನ್ನಿನ ಎಂ.ಆರ್.ಐ. ಬೇಕಾಗುತ್ತದೆ. ನೀರು ಕಾಯಿಸಿ ಕುಡಿಯುತ್ತೇವೆ, ನಮಗೇನೂ ಆಗದು ಎನ್ನುವವರಿಗೆ ಒಂದು ಮಾತು: ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್.ಒ. ಯಂತ್ರ ಕೆಟ್ಟು ನಿಂತಿದ್ದರೆ, ಸ್ಕ್ಯಾನ್‌ಗೆ ಹಣ ಹೊಂದಿಸುವುದಕ್ಕೆ ಮುಂಚೆ ಪಂಚಾಯಿತಿಗೆ ಅರ್ಜಿ ಕೊಡಿ.