ಆನ್ ಮಾಡಿದರೂ ಅಲುಗದ ಡಿಸ್ಕ್

ಜಪ್ತಿಯಾದ ಲ್ಯಾಪ್‌ಟಾಪ್ ಮೇಜಿನ ಮೇಲಿದ್ದರೆ ಸುತ್ತ ನಿಂತವರಲ್ಲಿ ಒಬ್ಬರಾದರೂ ಕೇಳುತ್ತಾರೆ: "ಒಂದು ಸಲ ಆನ್ ಮಾಡಿ ನೋಡಿಬಿಡೋಣ, ಬರೀ ನೋಡಿದರೆ ಏನಾಗುತ್ತೆ?" ತುಂಬಾ ಆಗುತ್ತದೆ. ನೀವು ಮೌಸ್ ಮುಟ್ಟುವ ಮೊದಲೇ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯನ್ನು ತಿದ್ದಿರುತ್ತದೆ, ಇವೆಂಟ್ ಲಾಗ್‌ಗೆ ಹೊಸ ಸಾಲು ಸೇರಿಸಿರುತ್ತದೆ, ಪೇಜ್‌ಫೈಲ್‌ನಲ್ಲಿ ಉಳಿದಿದ್ದ ಹಳೆಯ ಮೆಮೊರಿಯ ಚೂರುಗಳ ಮೇಲೆ ಹೊಸದನ್ನು ಬರೆದಿರುತ್ತದೆ. ಆಂಟಿವೈರಸ್ ಎಚ್ಚರಗೊಂಡು, ಯಾವ ಫೈಲನ್ನು ಹುಡುಕಿಕೊಂಡು ಬಂದಿದ್ದೆವೋ ಅದನ್ನೇ ಅಳಿಸಿಬಿಡಬಹುದು. ಎಸ್‌ಎಸ್‌ಡಿ ಆದರಂತೂ ಟ್ರಿಮ್ ಎಂಬ ಆದೇಶ ಹೋಗಿ, ಡಿಲೀಟ್ ಆಗಿದ್ದರೂ ಮರಳಿ ಸಿಗಬಹುದಾಗಿದ್ದ ದತ್ತಾಂಶ ಕಾಯಮ್ಮಾಗಿ ಹೋಗಬಹುದು. ಸಾಕ್ಷ್ಯ ಕೆಡಿಸಲು ದುರುದ್ದೇಶವೇ ಬೇಕಿಲ್ಲ, ಪವರ್ ಬಟನ್ ಸಾಕು.

ಆದ್ದರಿಂದಲೇ ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಹಾಕಿ ಡಿಸ್ಕಿನ ಪ್ರತಿ ಸೆಕ್ಟರನ್ನೂ ಇದ್ದ ಹಾಗೇ ಇಮೇಜ್ ಫೈಲಾಗಿ ತೆಗೆದು, ಅದರ ಹ್ಯಾಶ್, ಅಂದರೆ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಗುರುತು, ಬರೆದಿಟ್ಟುಕೊಳ್ಳುವುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡುವ ಪ್ರಮಾಣಪತ್ರದಲ್ಲೂ ಈ ಹ್ಯಾಶ್ ನಮೂದಿಸಬೇಕು. ಇಮೇಜಿನ ಒಂದೇ ಒಂದು ಬಿಟ್ ಬದಲಾದರೂ ಎಸ್‌ಎಚ್‌ಎ-256 ಎಂಬ ವಿಧಾನದಿಂದ ತೆಗೆದ ಹ್ಯಾಶಿನ 64 ಅಕ್ಷರಗಳ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ.

ಆದರೆ ಫೈಲುಗಳ ಪಟ್ಟಿ ನೋಡಿ ಎಲ್ಲವೂ ತಿಳಿಯುವುದಿಲ್ಲ. ಟ್ಯಾಲಿಯಲ್ಲಿ ಬರೆದ ಲೆಕ್ಕ ಟ್ಯಾಲಿಯಲ್ಲೇ ಸರಿಯಾಗಿ ತೆರೆಯುವುದು. ಅಮೆರಿಕದ ನಾರ್ವಿಚ್ ಊರಿನ ಶಾಲೆಯೊಂದರಲ್ಲಿ 2004ರಲ್ಲಿ ತರಗತಿಯ ಕಂಪ್ಯೂಟರಿನ ಪರದೆಯ ಮೇಲೆ ಅಶ್ಲೀಲ ಪಾಪ್‌ಅಪ್‌ಗಳು ಬಂದವು. ಬದಲಿ ಶಿಕ್ಷಕಿಯೇ ಬೇಕೆಂದು ತೆರೆದದ್ದು ಎಂಬ ವಾದ ಗೆದ್ದು, 2007ರ ಜನವರಿಯಲ್ಲಿ ಆಕೆ ಅಪರಾಧಿ ಎಂದು ತೀರ್ಪಾಯಿತು. ಹಳೆಯ ವಿಂಡೋಸ್ 98, ಅವಧಿ ಮುಗಿದ ಆಂಟಿವೈರಸ್, ಒಳಗೆ ಸ್ಪೈವೇರ್. ಸ್ವಯಂಸೇವಕ ತಜ್ಞರು ದನಿಯೆತ್ತಿದರು, ರಾಜ್ಯದ ಪ್ರಯೋಗಾಲಯದ ವರದಿಯೂ ಪೊಲೀಸ್ ಸಾಕ್ಷಿಯ ಹೇಳಿಕೆಗೆ ಹೊಂದಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ನ್ಯಾಯಾಧೀಶರು ಮರುವಿಚಾರಣೆಗೆ ಆದೇಶಿಸಿದರು. ಕೈ ಒತ್ತಿತೋ, ಯಂತ್ರವೇ ತೆರೆಯಿತೋ? ಇಂಥ ಪ್ರಶ್ನೆ ಬಂದಾಗ ಯಂತ್ರ ನಡೆದುಕೊಳ್ಳುವ ರೀತಿಯನ್ನು ಕಣ್ಣಾರೆ ನೋಡಬೇಕೆನಿಸುತ್ತದೆ. ಆನ್ ಮಾಡಲೇಬೇಕು, ಆದರೆ ಡಿಸ್ಕ್ ಕದಲಬಾರದು.

ಇದು ಆಗುತ್ತದೆ! ಇಮೇಜನ್ನು ವರ್ಚುವಲ್ ಮೆಷೀನಿಗೆ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿಗೆ) ನೇರವಾಗಿ ಕೊಡದೆ, ಓದಲು ಮಾತ್ರ ಬಿಟ್ಟು, ಅದರ ಮೇಲೆ ಓವರ್‌ಲೇ ಎಂಬ ಖಾಲಿ ಪದರ ಹೊದಿಸುತ್ತಾರೆ. ಹಳೆಯ ಸರ್ವೆ ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಗೆರೆ ಎಳೆದಂತೆ: ಕಣ್ಣಿಗೆ ಎರಡೂ ಸೇರಿ ಒಂದೇ ನಕ್ಷೆ, ಸೀಸದ ಗುರುತು ಮಾತ್ರ ಮೇಲಿನ ಹಾಳೆಯದು.

ವರ್ಚುವಲ್ ಮೆಷೀನ್ ಓಡಿಸುವ ಕ್ಯೂಎಮು ಎಂಬ ಸಾಫ್ಟ್‌ವೇರ್ ಬಳಸುವ ಕ್ಯೂಕೌ2 ಮಾದರಿಯ ಓವರ್‌ಲೇಯನ್ನೇ ನೋಡಿ. ಅದರ ಲೆಕ್ಕದಲ್ಲಿ ಡಿಸ್ಕ್ ಎಂದರೆ 64 ಕಿಲೋಬೈಟಿನ ತುಂಡುಗಳ ಸಾಲು. ಪ್ರತಿ ತುಂಡಿಗೂ 8 ಬೈಟಿನ ಒಂದು ನಮೂದು. ಒಂದು ಪಟ್ಟಿಗೆ 8192 ನಮೂದು ಹಿಡಿಸುವುದರಿಂದ ಆ ಒಂದೇ ಪಟ್ಟಿ 512 ಮೆಗಾಬೈಟಿನ ಲೆಕ್ಕ ಇಟ್ಟುಕೊಳ್ಳುತ್ತದೆ. ವಿಂಡೋಸ್ ಏನನ್ನಾದರೂ ಓದಲು ಕೇಳಿತು ಅನ್ನಿ. ನಮೂದು ಸೊನ್ನೆಯಾಗಿದ್ದರೆ ಉತ್ತರ ಕೆಳಗಿನ ಮೂಲ ಇಮೇಜಿನಿಂದ ಬರುತ್ತದೆ. ಬರೆಯಲು ಹೊರಟಿತೋ, ಆ ತುಂಡಿನ ನಕಲು ಮೇಲಿನ ಪದರಕ್ಕೆ ಬಂದು, ಅಲ್ಲಿ ತಿದ್ದುಪಡಿಯಾಗಿ, ನಮೂದಿನಲ್ಲಿ ಹೊಸ ವಿಳಾಸ ಕೂರುತ್ತದೆ. ಮುಂದೆ ಆ ತುಂಡನ್ನು ಕೇಳಿದಾಗೆಲ್ಲ ಮೇಲಿನದೇ ಸಿಗುತ್ತದೆ. ತಾನು ಬರೆದದ್ದನ್ನು ತಾನೇ ಓದಿಕೊಂಡ ವಿಂಡೋಸಿಗೆ ಡಿಸ್ಕಿನ ಮೇಲೇ ಬರೆದಿದ್ದೇನೆಂಬ ನಂಬಿಕೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮುಂದಿನದು. ಹೊಸ ಓವರ್‌ಲೇ ಫೈಲು ಇನ್ನೂರು ಕಿಲೋಬೈಟಿನ ಆಸುಪಾಸು ಇರುತ್ತದೆ. ಯಂತ್ರ ಬೂಟ್ ಆಗಿ ಡೆಸ್ಕ್‌ಟಾಪ್ ಬರುವವರೆಗೆ ಏನನ್ನೂ ಮುಟ್ಟದೆ ಕೂತು, ಆಮೇಲೆ ಅದರ ಗಾತ್ರ ನೋಡಿ: ನೂರಾರು ಮೆಗಾಬೈಟಿಗೆ ಏರಿರಬಹುದು. "ಬರೀ ನೋಡಿದರೆ ಏನಾಗುತ್ತೆ" ಎಂದವರಿಗೆ ತೋರಿಸಬೇಕಾದ್ದು ಈ ಫೈಲನ್ನೇ. ಅಸಲಿ ಡಿಸ್ಕಿನ ಮೇಲೆ ಬೀಳಬೇಕಿದ್ದ ಪೆಟ್ಟೆಲ್ಲ ಅಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಕೆಳಗಿನ ಇಮೇಜಿಗೆ ಮತ್ತೆ ಹ್ಯಾಶ್ ತೆಗೆಯಿರಿ, ಅದೇ 64 ಅಕ್ಷರ.

ಯಂತ್ರದೊಳಗೆ ಯಂತ್ರ ಓಡಿಸುವ ವಿದ್ಯೆ ಹುಟ್ಟಿದ್ದು ಪತ್ತೇದಾರಿಕೆಗಾಗಿ ಅಲ್ಲ. ಐಬಿಎಂನ ಕೇಂಬ್ರಿಜ್ ಕೇಂದ್ರದಲ್ಲಿ 1967ರಷ್ಟು ಹಿಂದೆಯೇ ಸಿಪಿ-40 ಎಂಬ ವ್ಯವಸ್ಥೆ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರಿಗೆ ಹಂಚಿ, ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೇ ಎನ್ನುವಂತೆ ಮಾಡಿತ್ತು. 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇದಕ್ಕೆ ಷರತ್ತುಗಳನ್ನು ಬರೆದರು. ಅದರಲ್ಲಿ ಮೊದಲನೆಯದು, ವೇಗದ ಹೆಚ್ಚುಕಡಿಮೆ ಬಿಟ್ಟರೆ ಪ್ರೋಗ್ರಾಂ ಹೊರಗೆ ಹೇಗೆ ನಡೆಯುತ್ತದೋ ಒಳಗೂ ಹಾಗೇ ನಡೆಯಬೇಕು ಎಂಬುದು. ನಮ್ಮ ಮನೆಗಳ ಪಿಸಿಗಳ ಪ್ರೊಸೆಸರ್ ಆ ಷರತ್ತುಗಳಿಗೆ ಒಗ್ಗುತ್ತಿರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ಆ ಅಡ್ಡಿಯನ್ನು ಉಪಾಯದಿಂದ ದಾಟಿತು, 2005ರಲ್ಲಿ ಇಂಟೆಲ್ ಚಿಪ್ಪಿನಲ್ಲೇ ದಾರಿ ಮಾಡಿಕೊಟ್ಟಿತು. ಆ ಮೊದಲ ಷರತ್ತು ಇರದಿದ್ದರೆ ಇಮೇಜ್ ಬೂಟ್ ಮಾಡಿ ಕಂಡದ್ದಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಪ್ರೊಸೆಸರ್ ಒಂದೇ ಥರ ಕಂಡರೂ ಸುತ್ತಲಿನ ಹಾರ್ಡ್‌ವೇರ್ ಬದಲಾಗಿರುತ್ತದೆ. ಮೊದಲ ಯತ್ನಕ್ಕೆ ಬಹಳ ಸಲ ಸಿಗುವುದು ನೀಲಿ ಪರದೆ, ಅದರ ಮೇಲೆ 'ಇನಾಕ್ಸೆಸಿಬಲ್ ಬೂಟ್ ಡಿವೈಸ್'. ಹಳೆಯ ಡಿಸ್ಕ್ ಕಂಟ್ರೋಲರ್ ಕಾಣದೆ ವಿಂಡೋಸ್ ತನ್ನದೇ ಡಿಸ್ಕನ್ನು ತಲುಪಲಾರದೆ ನಿಂತಿದೆ ಎಂದರ್ಥ. ಹೊಸ ಕಂಟ್ರೋಲರಿನ ಡ್ರೈವರ್ ಬೂಟ್ ಹೊತ್ತಿಗೇ ಏಳುವಂತೆ ರಿಜಿಸ್ಟ್ರಿಯಲ್ಲಿ ಅದರ 'ಸ್ಟಾರ್ಟ್' ಮೌಲ್ಯವನ್ನು 0 ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಈ ತಿದ್ದುಪಡಿಯೂ ಓವರ್‌ಲೇಯಲ್ಲೇ. ಪಾಸ್‌ವರ್ಡ್ ಗೊತ್ತಿಲ್ಲವೆಂದು ಅಳಿಸಿ ಒಳಹೋಗುವವರಿದ್ದಾರೆ. ಹಾಗೆ ಹೋದರೆ ಡೆಸ್ಕ್‌ಟಾಪ್ ಸಿಗುತ್ತದೆ, ಆದರೆ ಆ ಪಾಸ್‌ವರ್ಡಿನಿಂದಲೇ ಬೀಗ ಬಿದ್ದಿದ್ದ ಬ್ರೌಸರಿನ ಗುಟ್ಟುಗಳು ತೆರೆಯುವುದಿಲ್ಲ. ಇಡೀ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರಿನ ಕೀಲಿ ಅಸಲಿ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿದ್ದರೆ, ಇಲ್ಲಿ 48 ಅಂಕಿಯ ರಿಕವರಿ ಕೀ ಬೇಕು.

ಗಡಿಯಾರವನ್ನು ಜಪ್ತಿಯ ದಿನಕ್ಕೆ ತಿರುಗಿಸದಿದ್ದರೆ ಟ್ರಯಲ್ ಸಾಫ್ಟ್‌ವೇರ್‌ಗಳು ಅವಧಿ ಮುಗಿಯಿತೆಂದು ಮುನಿಸಿಕೊಳ್ಳುತ್ತವೆ, ಹಳೆಯ ಲಾಗ್‌ಗಳನ್ನು ವಿಂಡೋಸೇ ಗುಡಿಸಬಹುದು. ನೆಟ್‌ವರ್ಕ್ ಕಾರ್ಡನ್ನು ಕಿತ್ತೇ ಇಡಬೇಕು, ಇಲ್ಲವಾದರೆ ಮೇಲ್ ಖಾತೆ ಸರ್ವರಿನೊಡನೆ ಹೊಂದಿಕೊಂಡು ಹೊರಗಿನ ಪ್ರಪಂಚವನ್ನೇ ಬದಲಿಸುತ್ತದೆ. ಆ ಬದಲಾವಣೆಯನ್ನು ಯಾವ ಓವರ್‌ಲೇಯೂ ಹಿಡಿದಿಡಲಾರದು. ಹಾಗೆಂದೇ ನಾರ್ವಿಚ್‌ನಂಥ ಪ್ರಕರಣದಲ್ಲಿ 2004ರ ವೆಬ್‌ಸೈಟುಗಳು ಆ ದಿನ ಕಳಿಸಿದ ಪುಟಗಳು, ನೋಡಿದ ಪುಟಗಳ ನಕಲನ್ನು ಬ್ರೌಸರ್ ಇಡುವ ಡಿಸ್ಕಿನ ಕ್ಯಾಶ್‌ನಲ್ಲಿ ಉಳಿದಷ್ಟೇ ಸಿಗುತ್ತವೆ, ಮಿಕ್ಕದ್ದನ್ನು ಬೂಟ್ ಮಾಡಿ ಬರಿಸಲಾಗದು.

ಪರದೆಯ ಮೇಲೆ ಕಂಡದ್ದು ವರದಿಗೆ ಹಾಗೇ ಹೋಗುವಂತಿಲ್ಲ. ಅದರಲ್ಲಿ ಹಳೆಯದೆಷ್ಟು, ಈಗಿನ ಬೂಟ್ ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಬೇಕು. ಕಂಡ ಪ್ರತಿಯೊಂದು ಅಂಶವನ್ನೂ ಮುಟ್ಟದ ಇಮೇಜಿನಲ್ಲಿ ಮತ್ತೆ ಹುಡುಕಿ, ಯಾವ ಫೈಲು, ಯಾವ ಸೆಕ್ಟರ್ ಎಂದು ಬರೆಯಬೇಕು. ನ್ಯಾಯಾಲಯದಲ್ಲಿ ಆ ಡೆಸ್ಕ್‌ಟಾಪನ್ನೇ ಓಡಿಸಿ ತೋರಿಸುವುದಾದರೆ ಓವರ್‌ಲೇ ಫೈಲಿಗೂ ಹ್ಯಾಶ್ ತೆಗೆದು ಜೊತೆಗಿಡುವುದು ಒಳ್ಳೆಯದು; ಎದುರು ಪಕ್ಷದ ತಜ್ಞರು ಎರಡನ್ನೂ ತಮ್ಮ ಯಂತ್ರಕ್ಕೆ ಹಾಕಿಕೊಂಡು ತಾವೇ ಪರೀಕ್ಷಿಸಬಹುದು.