ಗೆಟ್‌ಗೆ ಸಮಾನ ಪದ ಬೇಕಾ? ಅದರ ಮುಂದೆ ಏನಿದೆ ನೋಡಿ

ಇಂಗ್ಲಿಷ್ ಕಲಿಸುವ ನನಗೆ ಪದೇ ಪದೇ ಎದುರಾಗುವ ಒಂದು ಪ್ರಶ್ನೆ ಇದೆ: "ಗೆಟ್ ಅನ್ನೋದನ್ನ ಜಾಸ್ತಿ ಬಳಸಬಾರದಂತೆ, ಅದರ ಬದಲು ಏನು ಬರೆಯಬೇಕು?" ಕೇಳುವವರು ಒಂದು ಪದದ ಉತ್ತರ ಬಯಸುತ್ತಾರೆ. ಹಾಗೆ ಒಂದೇ ಪದ ಕೊಡಲು ಬರುವುದಿಲ್ಲ. ಗೆಟ್‌ನ ಅರ್ಥವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಮುಂದೆ ಬರುವ ಪದ. ಸಮಾನ ಪದವೂ ಅಲ್ಲಿಂದಲೇ ಹೊರಡಬೇಕು.

ಮುಂದೆ ಒಂದು ವಸ್ತುವೋ ವಿಷಯವೋ ಬಂದರೆ 'ಸಿಗು' ಅಥವಾ 'ಪಡೆ' ಎಂಬ ಅರ್ಥ. 'ಐ ಗಾಟ್ ಎ ಲೆಟರ್' ಅಂದರೆ ಯಾರೋ ಕಳಿಸಿದರು, ನನ್ನ ಕೈಗೆ ಬಂತು. ಇಲ್ಲಿ ರಿಸೀವ್ ಸರಿ. ಅನುಮತಿ ಪಡೆಯುವುದಾದರೆ ಆಬ್ಟೇನ್, ಏಕೆಂದರೆ ಅದರಲ್ಲಿ ಅರ್ಜಿ, ಓಡಾಟ, ಪ್ರಯತ್ನ ಇದೆ. ಒಂದು ಕೌಶಲ ನಿಧಾನಕ್ಕೆ ಕೈಗೂಡಿದರೆ ಅಕ್ವೈರ್. ದುಡಿದು ಗಳಿಸಿದ ಹೆಸರಿಗೆ ಅರ್ನ್. ಅನುಭವಕ್ಕೂ ಮೈ ತೂಕಕ್ಕೂ ಗೇನ್. ಹೋಗಿ ತೆಗೆದುಕೊಂಡು ಬರುವುದಕ್ಕೆ ಫೆಚ್. ಇವನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ನೆ ಇಟ್ಟುಬಿಡಲು ಆಗುವುದಿಲ್ಲ. 'ಐ ಗಾಟ್ ಎ ಕೋಲ್ಡ್' ಎಂಬುದನ್ನು ಚೆಂದ ಮಾಡಲು ಹೋಗಿ 'ಐ ಆಬ್ಟೇನ್ಡ್ ಎ ಕೋಲ್ಡ್' ಎಂದರೆ, ನೆಗಡಿಗಾಗಿ ಪ್ರಯತ್ನಪಟ್ಟ ಹಾಗೆ ಕೇಳಿಸುತ್ತದೆ. ಅಲ್ಲಿ ಬೇಕಾದದ್ದು 'ಕಾಟ್', ಅಂದರೆ ಕ್ಯಾಚ್‌ನ ಭೂತಕಾಲ.

ಇದೇ ಅರ್ಥದಲ್ಲಿ ಕನ್ನಡದವರಿಗೆ ಇನ್ನೊಂದು ತೊಡಕಿದೆ. 'ನನಗೆ ಕೆಲಸ ಸಿಕ್ಕಿತು' ಎಂಬ ವಾಕ್ಯದಲ್ಲಿ ಸಿಕ್ಕಿದ್ದು ಕೆಲಸ. ಕ್ರಿಯಾಪದ ಅದನ್ನೇ ಹಿಡಿದು ನಡೆಯುತ್ತದೆ, ನಾನು 'ನನಗೆ' ಆಗಿ ಪಕ್ಕದಲ್ಲಿರುತ್ತೇನೆ. ಇಂಗ್ಲಿಷಿನಲ್ಲಿ ಪಡೆದವರು ಮುಂದೆ ಬರಬೇಕು: 'ಐ ಗಾಟ್ ಎ ಜಾಬ್'. 'ಜಾಬ್ ಗಾಟ್ ಫಾರ್ ಮಿ' ಎಂಬ ತಪ್ಪು ಹುಟ್ಟುವುದು ಇಲ್ಲೇ. ಇದು ದಡ್ಡತನ ಅಲ್ಲ, ಕನ್ನಡದ ಕಟ್ಟು ಹಾಗೇ ದಾಟಿ ಬಂದಿದೆ ಅಷ್ಟೆ.

ಗುಣವಾಚಕ ಬಂದರೆ ಗೆಟ್ ಅಂದರೆ ನಮ್ಮ 'ಆಗು'. ಗೆಟ್ ಟೈರ್ಡ್, ಗೆಟ್ ಆಂಗ್ರಿ, ಗೆಟ್ ಡಾರ್ಕ್. ಬರವಣಿಗೆಯಲ್ಲಿ ಬಿಕಮ್ ಹಾಕಬಹುದು. ಆದರೆ ನಮ್ಮ 'ಆಗು' ಎಲ್ಲಾ ಕಡೆ ಒಗ್ಗುತ್ತದೆ: ಸುಸ್ತಾಯಿತು, ಕತ್ತಲಾಯಿತು, ಅವಳು ಟೀಚರ್ ಆದಳು. ಇಂಗ್ಲಿಷಿನಲ್ಲಿ ಟೀಚರ್ ಆಗುವುದಕ್ಕೆ ಬಿಕಮ್ ಮಾತ್ರ. 'ಶಿ ಗಾಟ್ ಎ ಟೀಚರ್' ಅಂದರೆ ಅವಳಿಗೆ ಒಬ್ಬ ಟೀಚರ್ ಸಿಕ್ಕರು ಎಂದಾಗುತ್ತದೆ. ಹಾಲು ಕೆಡುವುದಕ್ಕೆ ಗೋ ಬ್ಯಾಡ್, ವಯಸ್ಸಾಗುವುದಕ್ಕೆ ಗ್ರೋ ಓಲ್ಡ್ ಎಂದೂ ಹೇಳುತ್ತಾರೆ. ಇಂಥವನ್ನು ಜೋಡಿಯಾಗಿಯೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

'ಗೆಟ್ ಮ್ಯಾರೀಡ್' ಬಗ್ಗೆ ಒಂದು ಮಾತು. ಇದು ಮದುವೆ ನಡೆಯುವ ಘಟನೆ. 'ಬೀ ಮ್ಯಾರೀಡ್' ಸಾಮಾನ್ಯವಾಗಿ ಮದುವೆಯಾಗಿರುವ ಸ್ಥಿತಿ. ಯಾರ ಜೊತೆ ಎನ್ನಲು 'ವಿತ್' ಬೇಡ, 'ಟು' ಹಾಕಿ.

ನನಗೆ ಅತಿ ಇಷ್ಟವಾದ ಬಳಕೆ ಬೇರೆಯದು. ಬೇರೆಯವರಿಂದ ಮಾಡಿಸುವುದು. 'ಐ ಕಟ್ ಮೈ ಹೇರ್' ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದು ಕೇಳುವವರು ತಿಳಿಯಬಹುದು. 'ಐ ಗಾಟ್ ಮೈ ಹೇರ್ ಕಟ್' ಎಂದರೆ ಕಟಿಂಗ್ ಮಾಡಿಸಿಕೊಂಡೆ. ಕನ್ನಡದಲ್ಲಿ ನಾವು 'ಇಸು' ಸೇರಿಸಿ ಬರೆಸು, ಮಾಡಿಸು ಎನ್ನುತ್ತೇವೆ. ಕೆಲಸ ಯಾರಿಂದಲೋ ಆಯಿತು ಎಂಬುದು ಆ ಒಂದು ತುಣುಕಿನಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಮುಖ್ಯವಾಗಿ ಮೂರು ಕ್ರಿಯಾಪದಗಳಿವೆ, ಮೂರಕ್ಕೂ ಬೇರೆ ಬೇರೆ ಧಾಟಿ. 'ಐ ಗಾಟ್ ಹಿಮ್ ಟು ಸೈನ್' ಎಂದರೆ ಹೇಗೋ ಒಪ್ಪಿಸಿ ಸಹಿ ಹಾಕಿಸಿದೆ. ಇಲ್ಲಿ ಸಮಾನ ಪದ ಪರ್ಸುಯೇಡ್. 'ಐ ಮೇಡ್ ಹಿಮ್ ಸೈನ್' ಎಂದರೆ ಬಲವಂತ ಇತ್ತು. 'ಐ ಹ್ಯಾಡ್ ಹಿಮ್ ಸೈನ್' ಎಂದರೆ ಹೇಳಿದೆ, ಹಾಕಿದ, ಅಷ್ಟೆ. ಗೆಟ್ ಇದ್ದಾಗ ಮಾತ್ರ 'ಟು' ಬರುತ್ತದೆ. ಮೇಕ್, ಹ್ಯಾವ್ ಜೊತೆ ಬೇಡ. 'ಮೇಡ್ ಹಿಮ್ ಟು ಸೈನ್' ಎಂಬುದು ತುಂಬಾ ಜನ ಮಾಡುವ ತಪ್ಪು.

ಜಾಗದ ಹೆಸರು ಬಂದರೆ 'ತಲುಪು'. ಗೆಟ್ ಟು ದ ಸ್ಟೇಷನ್. ಆದರೆ ಮನೆಗೆ ಬರೀ 'ಗೆಟ್ ಹೋಮ್', 'ಟು' ಇಲ್ಲ. ರೀಚ್ ಬಳಸಿದರೂ 'ಟು' ಬೇಡ. ಅರೈವ್ ಆದರೆ 'ಅಟ್' ಅಥವಾ 'ಇನ್'.

ಇನ್ನು ಗೆಟ್ ಕೀಳು ಪದ, ಅದನ್ನು ಬಿಡಬೇಕು ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಗೆಟ್ ಇಂಗ್ಲಿಷಿಗೆ ಬಂದದ್ದು ವೈಕಿಂಗರ ಹಳೆ ನಾರ್ಸ್ ಭಾಷೆಯಿಂದ. ರಿಸೀವ್, ಆಬ್ಟೇನ್ ಬಂದದ್ದು ಫ್ರೆಂಚ್ ದಾರಿಯಲ್ಲಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ನಡೆಯಿತು. ಜನರ ಬಾಯಲ್ಲಿ ಇಂಗ್ಲಿಷ್ ಉಳಿಯಿತು. ಫ್ರೆಂಚಿನಿಂದ ಬಂದ ಎಷ್ಟೋ ಪದಗಳು ಇವತ್ತಿಗೂ ಅರ್ಜಿ, ಆದೇಶದ ಭಾಷೆಯಂತೆ ಕೇಳಿಸುವುದಕ್ಕೆ ಈ ಇತಿಹಾಸವೂ ಒಂದು ಕಾರಣ. ಹಾಗಾಗಿ ಗೆಳೆಯರಿಗೆ 'ಗಾಟ್ ಯುವರ್ ಮೆಸೇಜ್' ಎಂದೇ ಬರೆಯಿರಿ. 'ರಿಸೀವ್ಡ್' ಎಂದರೆ ಮುನಿಸಿಕೊಂಡಿದ್ದೀರೇನೋ ಅನ್ನಿಸಬಹುದು, ಅಲ್ವಾ?

ಅರ್ಜಿ, ವರದಿ, ಪರೀಕ್ಷೆಯ ಪ್ರಬಂಧದಲ್ಲಿ ಮಾತ್ರ ನಿಲ್ಲಿಸಿ ನೋಡಿ. 'ದ ಬ್ರಿಜ್ ಗಾಟ್ ಬಿಲ್ಟ್' ಅಲ್ಲ, 'ವಾಸ್ ಬಿಲ್ಟ್'. 'ರಿಸಲ್ಟ್ಸ್ ಗಾಟ್ ಬೆಟರ್' ಅಲ್ಲ, 'ಇಂಪ್ರೂವ್ಡ್'. ಹೀಗೆ ಬದಲಿಸುವಾಗ ಗೆಟ್ ಒಂದನ್ನೇ ಕಿತ್ತು ಬೇರೆ ಪದ ಇಡಬೇಡಿ. ಮುಂದಿನ ಪದವನ್ನೂ ಸೇರಿಸಿ ಬದಲಿಸಿ. 'ಗಾಟ್ ಬೆಟರ್' ಎರಡೂ ಸೇರಿ ಒಂದೇ 'ಇಂಪ್ರೂವ್ಡ್' ಆಯಿತು. 'ಗೆಟ್ ಬಿಗರ್' 'ಗ್ರೋ' ಆಗುತ್ತದೆ, 'ಗೆಟ್ ರಿಡ್ ಆಫ್' 'ರಿಮೂವ್' ಆಗುತ್ತದೆ.